ಯಕೃತ್ತಿನ ಮೌನಾಕ್ಷರಗಳು

ನಮ್ಮ ಶರೀರದ ಅಂಗಗಳಲ್ಲಿ ಹಗಲಿರುಳೂ ದುಡಿದು, ದಣಿವನ್ನು ಯಾರಿಗೂ ತಿಳಿಸದೆ, ಕೆಟ್ಟರೂ ದೂರು ಹೇಳದೆ ಇರುವ ಅಂಗವು ಯಾವುದೆಂದು ಕೇಳಿದರೆ ಯಕೃತ್ತೆಂದೇ ಉತ್ತರ ಕೊಡಬೇಕಾಗುತ್ತದೆ. ಹಲ್ಲು ನೊಂದರೆ ಆ ರಾತ್ರಿ ಮನೆಯವರಾರಿಗೂ ನಿದ್ರೆಯಿಲ್ಲ. ಹೊಟ್ಟೆ ಕೆಟ್ಟರೆ ಆ ಗಳಿಗೆಯಲ್ಲಿಯೇ ಗೊತ್ತಾಗುತ್ತದೆ. ಯಕೃತ್ತಾದರೋ ತನ್ನಲ್ಲಿ ಬಹುಭಾಗವು ಹಾಳಾಗುತ್ತ ಬಂದರೂ, ಉಳಿದ ಭಾಗದಿಂದಲೇ ಕೆಲಸವನ್ನು ಸಾಗಿಸುತ್ತ, ಯಜಮಾನನಿಗೆ ಸುಳಿವು ಕೊಡುವುದಿಲ್ಲ. ಕಣ್ಣು ಹಳದಿಯಾದ ದಿನವೇ ರೋಗವು ಬಂದಿತೆಂದು ಮನೆಮಂದಿ ತಿಳಿಯುತ್ತಾರೆ. ಅನೇಕ ವೇಳೆ ರೋಗವು ಒಳಹೊಕ್ಕು ಹತ್ತು ಹದಿನೈದು ವರ್ಷಗಳೇ ಸಂದಿರುತ್ತವೆ. ಈ ಮೌನದ ಹಿಂದೆ ಯಕೃತ್ತಿನ ಕೋಶಗಳೊಳಗೆ ನಡೆಯುವ ವ್ಯವಹಾರವನ್ನು ಓದುವ ಒಂದು ಹೊಸ ವಿದ್ಯೆಯು ಕಳೆದ ಮೂವತ್ತು ವರ್ಷಗಳಿಂದೀಚೆಗೆ ಬೆಳೆದಿದೆ. ಅದು ಏನನ್ನು ತಿಳಿಸಿದೆ, ಗೃಹಸ್ಥರಾದ ನಮಗೆ ಅದರಿಂದ ಇಂದು ಎಷ್ಟು ಪ್ರಯೋಜನ, ಯಾವುದನ್ನು ಇನ್ನೂ ನಂಬಕೂಡದು ಎಂಬುದನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ನಮ್ಮ ಪ್ರಾಚೀನ ವೈದ್ಯರು ಈ ಅಂಗದ ಮಹತ್ವವನ್ನು ಅರಿಯದವರಲ್ಲ. ರಕ್ತವಾಹಿಗಳಾದ ಸ್ರೋತಸ್ಸುಗಳಿಗೆ ಯಕೃತ್ತೂ ಪ್ಲೀಹವೂ ಮೂಲವೆಂದು ಚರಕಸಂಹಿತೆಯು ಹೇಳುತ್ತದೆ. ಪಾಂಡುರೋಗದ ಪ್ರಕರಣದಲ್ಲಿಯೇ ಕಾಮಲೆಯನ್ನೂ ವಿವರಿಸುತ್ತದೆ. ನಾವು ಕನ್ನಡದಲ್ಲಿ ಕಾಮಾಲೆಯೆನ್ನುವುದು ಆ ಕಾಮಲೆಯನ್ನೇ. ಇಂದಿನ ಶರೀರಶಾಸ್ತ್ರದ ಪ್ರಕಾರ, ಬಲಗಡೆಯ ಪಕ್ಕೆಲುಬುಗಳ ಆಶ್ರಯದಲ್ಲಿರುವ ಈ ಅಂಗವು ವಯಸ್ಕರಲ್ಲಿ ಸುಮಾರು ಒಂದೂವರೆ ಕಿಲೋಗ್ರಾಂ ತೂಗುತ್ತದೆ. ಹೃದಯವು ಹೊರಡಿಸುವ ರಕ್ತದಲ್ಲಿ ಸುಮಾರು ಕಾಲುಭಾಗವು ಇದರ ಮೂಲಕ ಹಾದುಹೋಗುತ್ತದೆ. ಉಂಡ ಅನ್ನದ ಸಕ್ಕರೆಯನ್ನು ಕೂಡಿಡುವುದು, ಪಿತ್ತವನ್ನು ಸ್ರವಿಸುವುದು, ಗಾಯದ ರಕ್ತವನ್ನು ಹೆಪ್ಪುಗಟ್ಟಿಸುವ ದ್ರವ್ಯಗಳನ್ನು ತಯಾರಿಸುವುದು, ಮದ್ಯ ಔಷಧಾದಿಗಳ ವಿಷಾಂಶವನ್ನು ಮುರಿಯುವುದು, ಇವೆಲ್ಲವೂ ಇದರ ನಿತ್ಯಕರ್ಮಗಳು. ಆರೋಗ್ಯವಂತನ ಯಕೃತ್ತಿನಲ್ಲಿ ಮೂರರಲ್ಲಿ ಎರಡು ಪಾಲನ್ನು ಶಸ್ತ್ರವೈದ್ಯರು ತೆಗೆದರೂ ಅದು ಕೆಲವು ತಿಂಗಳುಗಳಲ್ಲಿ ತನ್ನ ಗಾತ್ರವನ್ನು ಬಹುಮಟ್ಟಿಗೆ ಮರಳಿ ಪಡೆಯುತ್ತದೆ. ಇಂಥ ಶಕ್ತಿಯಿರುವುದರಿಂದಲೂ, ಅದರ ಒಳಭಾಗದಲ್ಲಿ ನೋವನ್ನು ತಿಳಿಸುವ ನರಗಳು ಇಲ್ಲವಾದುದರಿಂದಲೂ, ಅದರ ವ್ಯಾಧಿಯು ಬಹುಕಾಲ ಹೊರಗೆ ಕಾಣುವುದಿಲ್ಲ.

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಗಳ ಮನೆಗಳಲ್ಲಿ ಕಾಮಾಲೆಯೆಂದೊಡನೆ ಮೊದಲು ನೆನಪಾಗುವುದು ನೆಲನೆಲ್ಲಿಯ ಕಷಾಯ. ಹಾಲಿನಲ್ಲಿಯೋ ಮಜ್ಜಿಗೆಯಲ್ಲಿಯೋ ಅರೆದು ಮೂರು ದಿನ ಕೊಡುವುದು, ಉಪ್ಪು ಎಣ್ಣೆಗಳನ್ನು ಬಿಡಿಸಿ ಪಥ್ಯವಿಡುವುದು ರೂಢಿ. ಬಹುಮಂದಿಗೆ ಗುಣವೂ ಆಗುತ್ತದೆ. ಆದರೆ ಇಲ್ಲಿ ವಿಚಾರಿಸತಕ್ಕ ಅಂಶವೊಂದುಂಟು. ಮಳೆಗಾಲದಲ್ಲಿ ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಎಂಬ ಕಾಮಾಲೆಯು ಬಹುಪಾಲು ರೋಗಿಗಳಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯತಕ್ಕದ್ದು. ಇಳಿಯುವ ಕಾಲಕ್ಕೆ ಸರಿಯಾಗಿ ಕಷಾಯವನ್ನು ಕುಡಿದಿದ್ದರೆ ಕೀರ್ತಿಯು ಕಷಾಯಕ್ಕೆ ಸಲ್ಲುತ್ತದೆ. ಕಾಗೆ ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಸಂಬಂಧ ಕಲ್ಪಿಸುವುದನ್ನು ನಮ್ಮ ಶಾಸ್ತ್ರಕಾರರು ಕಾಕತಾಲೀಯವೆಂದು ಕರೆದು ಎಚ್ಚರಿಸಿರುವರಷ್ಟೆ. ಅದೇ ಕಣ್ಣಿನ ಹಳದಿಯು ಹೆಪಟೈಟಿಸ್ ಬಿ ಅಥವಾ ಸಿ ವೈರಾಣುವಿನಿಂದಲೂ, ಇಲಿಜ್ವರದಿಂದಲೂ, ಪಿತ್ತಕೋಶದ ಕಲ್ಲಿನಿಂದಲೂ, ಮದ್ಯದಿಂದಲೂ, ಅರ್ಬುದದಿಂದಲೂ ಬರಬಹುದು. ಕಾಮಾಲೆಯು ರೋಗವಲ್ಲ, ರೋಗದ ಲಕ್ಷಣ; ಲಕ್ಷಣವನ್ನು ನೋಡಿ ಕಾರಣವನ್ನು ಊಹಿಸಿಕೊಂಡು ಕೂಡುವುದರಲ್ಲಿ ಅಮೂಲ್ಯವಾದ ಕಾಲವು ಕಳೆದುಹೋಗುತ್ತದೆ.

ನೆಲನೆಲ್ಲಿಯನ್ನು ಆಧುನಿಕರು ಪರೀಕ್ಷಿಸದೆ ತಳ್ಳಿದರೆಂದು ಯಾರೂ ಭಾವಿಸಬೇಕಾಗಿಲ್ಲ. ಹೆಪಟೈಟಿಸ್ ಬಿ ವೈರಾಣುವನ್ನು ಕಂಡುಹಿಡಿದು ೧೯೭೬ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಬರೂಚ್ ಬ್ಲಂಬರ್ಗ್ ಎಂಬ ಅಮೆರಿಕದ ವಿದ್ವಾಂಸರೂ ಮದರಾಸಿನ ತ್ಯಾಗರಾಜನ್ ಎಂಬವರೂ ಸಹಚರರೊಡನೆ ಸೇರಿ ೧೯೮೮ರಲ್ಲಿ ಇದರ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಔಷಧ ಸೇವಿಸಿದವರಲ್ಲಿ ಶೇಕಡ ೫೯ ಮಂದಿಯ ರಕ್ತದಿಂದ ವೈರಾಣುವಿನ ಗುರುತು ಮಾಯವಾಯಿತೆಂದು ಅದರಲ್ಲಿ ಹೇಳಿತ್ತು. ಆಸೆ ಹುಟ್ಟಿಸುವ ಫಲವೇ ಸರಿ. ಆದರೆ ಬೇರೆ ಕಡೆಗಳಲ್ಲಿ ನಡೆದ ಮುಂದಿನ ಪರೀಕ್ಷೆಗಳು ಅದನ್ನು ಸಮರ್ಥಿಸಲಿಲ್ಲ. ಹೀಗೆ ಒಂದು ಮಾತನ್ನು ಹಲವರು ಹಲವು ಸಾರಿ ಒರೆಗೆ ಹಚ್ಚಿ ನೋಡಿದ ಮೇಲೆಯೇ ಅಂಗೀಕರಿಸುವುದು ವಿಜ್ಞಾನದ ಪದ್ಧತಿ. ಮುಂದೆ ನಾವು ಹೇಳಲಿರುವ ಹೊಸ ವಿದ್ಯೆಯನ್ನೂ ಇದೇ ಒರೆಗಲ್ಲಿನ ಮೇಲೆ ಉಜ್ಜಿ ನೋಡತಕ್ಕದ್ದು.

ಆ ವಿದ್ಯೆಯನ್ನು ತಿಳಿಯಲು ಒಂದು ಕಾಫಿ ತೋಟವನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಮಾಲೀಕರ ಬೀರುವಿನಲ್ಲಿ ತೋಟದ ಸಕಲ ಕೆಲಸಗಳ ವಿಧಾನವನ್ನೂ ಬರೆದಿಟ್ಟ ಒಂದು ಮಹಾಗ್ರಂಥವಿದೆಯೆಂದು ತಿಳಿಯಿರಿ. ಗ್ರಂಥವನ್ನು ಬೀರುವಿನಿಂದ ಹೊರಗೆ ಒಯ್ಯುವಂತಿಲ್ಲ. ಆದುದರಿಂದ ತೋಟದ ರೈಟರು ಆ ದಿನಕ್ಕೆ ಬೇಕಾದ ಪುಟವನ್ನು ಒಂದು ಚೀಟಿಯಲ್ಲಿ ನಕಲು ಮಾಡಿ ಕಳುಹಿಸುತ್ತಾರೆ. ಮೇಸ್ತ್ರಿಯು ಚೀಟಿಯನ್ನು ಓದಿ ಕೆಲಸ ಮಾಡಿಸುತ್ತಾನೆ. ನಮ್ಮ ಪ್ರತಿಯೊಂದು ಕೋಶದೊಳಗೂ ನಡೆಯುವುದು ಇದೇ. ಗ್ರಂಥವೆಂದರೆ ಡಿಎನ್‌ಎ, ಚೀಟಿಯೆಂದರೆ ಆರ್‌ಎನ್‌ಎ, ಚೀಟಿಯನ್ನು ಓದಿ ಕಟ್ಟಲ್ಪಡುವ ವಸ್ತುವೆಂದರೆ ಪ್ರೋಟೀನು. ರಕ್ತ, ಮಾಂಸ, ಪಾಚಕರಸ ಮೊದಲಾದುವುಗಳ ಕೆಲಸವೆಲ್ಲ ನಡೆಯುವುದು ಬಹುಮಟ್ಟಿಗೆ ಪ್ರೋಟೀನುಗಳಿಂದ. ಆದುದರಿಂದ ಪ್ರೋಟೀನನ್ನು ಕಟ್ಟಿಸುವ ಚೀಟಿಗಳೇ ಮುಖ್ಯವೆಂದೂ, ಉಳಿದ ಬರೆಹವು ಹೆಚ್ಚು ಬೆಲೆಯಿಲ್ಲದ್ದೆಂದೂ ವಿದ್ವಾಂಸರು ಬಹುಕಾಲ ಭಾವಿಸಿದ್ದರು.

ಮನುಷ್ಯನ ಡಿಎನ್‌ಎ ಗ್ರಂಥದಲ್ಲಿ ಸುಮಾರು ೩೦೦ ಕೋಟಿ ಅಕ್ಷರಗಳಿವೆ. ಅದರಲ್ಲಿ ಪ್ರೋಟೀನಿನ ವಿಧಾನವನ್ನು ಹೇಳುವ ಪಾಠವು ಶೇಕಡ ಎರಡನ್ನು ಮುಟ್ಟುವುದಿಲ್ಲ. ಉಳಿದುದರಲ್ಲಿ ಬಹುಭಾಗವನ್ನು ಕಸವೆಂದು ೧೯೭೨ರಲ್ಲಿ ಸುಸುಮು ಓನೋ ಎಂಬ ವಿದ್ವಾಂಸರು ಕರೆದರು; ಆ ಹೆಸರು ಬಹುದಿನ ನಿಂತಿತು. ಅದರಲ್ಲಿ ನಿಜವಾಗಿಯೂ ಉಪಯೋಗವಿಲ್ಲದ ಭಾಗವು ಇಲ್ಲವೆಂದಲ್ಲ. ಆದರೆ ಎಲ್ಲವನ್ನೂ ಕಸವೆಂದು ಗುಡಿಸಿದ್ದರೆ ಆಗುತ್ತಿದ್ದ ನಷ್ಟವನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಹೊಸದಾಗಿ ತೋಟ ಕೊಂಡವನೊಬ್ಬನು ನೆರಳುಮರಗಳನ್ನು ಕಂಡು, ಇವು ಒಂದು ಕಾಳು ಕಾಫಿಯನ್ನೂ ಕೊಡುವುದಿಲ್ಲವೆಂದು ಎಲ್ಲವನ್ನೂ ಕಡಿಸಿದನೆಂದು ಭಾವಿಸಿರಿ. ಬಿಸಿಲು ಬಿದ್ದ ಅರೇಬಿಕಾ ಗಿಡಗಳನ್ನು ಬಿಳಿ ಕಾಂಡಕೊರಕವು ಹುಡುಕಿಕೊಂಡು ಬರುತ್ತದೆ, ನೆಲವು ಒಣಗುತ್ತದೆ, ತೋಟವೇ ಕೆಡುತ್ತದೆ. ಫಲ ಕೊಡದ ಮರವು ಫಲವನ್ನು ಕಾಯುತ್ತಿತ್ತೆಂಬುದು ಆಗ ತಿಳಿಯುತ್ತದೆ.

ಪ್ರೋಟೀನು ಕಟ್ಟದ ಆರ್‌ಎನ್‌ಎಗಳ ಸಂಗತಿಯೂ ಹೀಗೆಯೇ. ಪ್ರೋಟೀನಿನ ತಯಾರಿಕೆಯಲ್ಲಿ ಊಳಿಗ ಮಾಡುವ ಕೆಲವು ಇಂಥ ಆರ್‌ಎನ್‌ಎಗಳು ೧೯೫೦ರ ದಶಕದಿಂದಲೇ ತಿಳಿದಿದ್ದುವು. ಆದರೆ ಆಡಳಿತ ನಡೆಸುವ ಆರ್‌ಎನ್‌ಎಗಳಲ್ಲಿ ತೀರ ಕಿರಿಯದಾದ ಒಂದು ಜಾತಿಯು ಗೊತ್ತಾದುದು ೧೯೯೩ರಲ್ಲಿ. ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರಫ್ಕನ್ ಎಂಬವರು ಒಂದು ಮಿಲಿಮೀಟರಿನಷ್ಟು ಉದ್ದದ ಒಂದು ಹುಳುವನ್ನು ಅಭ್ಯಸಿಸುತ್ತಿದ್ದಾಗ, ಕೇವಲ ೨೨ ಅಕ್ಷರಗಳಷ್ಟು ಕಿರಿದಾದ ಒಂದು ಆರ್‌ಎನ್‌ಎಯು ಮತ್ತೊಂದು ಆರ್‌ಎನ್‌ಎಗೆ ಅಂಟಿಕೊಂಡು ಅದರ ಪ್ರೋಟೀನು ಹುಟ್ಟದಂತೆ ತಡೆಯುವುದನ್ನು ಕಂಡರು. ಮೊದಲು ಇದು ಆ ಹುಳುವಿನ ವಿಚಿತ್ರವೆಂದೇ ಎಲ್ಲರೂ ಎಣಿಸಿದರು. ೨೦೦೦ರಲ್ಲಿ ಎರಡನೆಯ ಇಂಥ ಆರ್‌ಎನ್‌ಎಯು ಮನುಷ್ಯನಲ್ಲಿಯೂ ಇರುವುದು ಗೊತ್ತಾದ ಮೇಲೆ ಎಲ್ಲರ ಕಣ್ಣು ತೆರೆಯಿತು. ಇವುಗಳಿಗೆ ಮೈಕ್ರೋ ಆರ್‌ಎನ್‌ಎ ಎಂದು ಹೆಸರು. ಈ ಶೋಧಕ್ಕಾಗಿ ಆ ಇಬ್ಬರಿಗೂ ೨೦೨೪ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ತೋಟದ ದೃಷ್ಟಾಂತದಲ್ಲಿ ಹೇಳುವುದಾದರೆ, ಇವು ಯಾವ ಕೆಲಸದ ವಿಧಾನವೂ ಇಲ್ಲದ ಪುಟ್ಟ ಚೀಟಿಗಳು. "ಮೊದಲು ಕಳುಹಿಸಿದ ಮರಗಸಿಯ ಚೀಟಿಯನ್ನು ಇಂದು ನಡೆಸಬೇಡಿ" ಎಂದಷ್ಟೇ ಇವುಗಳಲ್ಲಿರುತ್ತದೆ. ಇಂಥ ಒಂದು ಪುಟ್ಟ ಚೀಟಿಯು ನೂರಾರು ದೊಡ್ಡ ಚೀಟಿಗಳನ್ನು ಅಂಕೆಯಲ್ಲಿಡಬಲ್ಲುದು.

ಸಂಸ್ಕೃತವ್ಯಾಕರಣವನ್ನು ಓದಿದವರಿಗೆ ಇದು ತೀರ ಅಪರಿಚಿತವಾದ ಏರ್ಪಾಡಲ್ಲ. ಪಾಣಿನಿಯ ಪದ್ಧತಿಯಲ್ಲಿ ಇತ್ತುಗಳೆಂಬ ವರ್ಣಗಳುಂಟು. ಮಾಡು ಎಂಬ ಅರ್ಥದ ಧಾತುವನ್ನು ಧಾತುಪಾಠದಲ್ಲಿ ಡುಕೃಞ್ ಎಂದು ಬರೆಯುತ್ತಾರೆ. ಮೊದಲಿನ ಡು ಎಂಬುದೂ ಕೊನೆಯ ಞಕಾರವೂ ಯಾವ ಶಬ್ದದಲ್ಲಿಯೂ ಉಚ್ಚರಿಸಲ್ಪಡುವುದಿಲ್ಲ, ಲೋಪವಾಗಿ ಹೋಗುತ್ತವೆ. ಆದರೂ ಕರೋತಿ, ಕುರುತೇ ಎಂಬ ಎರಡು ಬಗೆಯ ರೂಪಗಳು ಸಾಧುವಾಗುವುದು ಆ ಞಕಾರದ ದೆಸೆಯಿಂದ. ನಾವು ಕನ್ನಡದಲ್ಲಿಯೂ ದಿನನಿತ್ಯ ಬಳಸುವ ಕೃತ್ರಿಮವೆಂಬ ಶಬ್ದವು ಸಿದ್ಧವಾಗುವುದು ಆ ಡು ಎಂಬುದರ ದೆಸೆಯಿಂದ. ಕಿವಿಗೆ ಕೇಳಿಸದ ಅಕ್ಷರವು ಕೇಳಿಸುವ ಪದವನ್ನು ಆಳುತ್ತದೆ. ವಿದ್ಯಾರ್ಥಿಗಳು ಮೊದಮೊದಲು ಇವನ್ನು ವ್ಯರ್ಥಾಕ್ಷರಗಳೆಂದು ಬೇಸರಪಡುವುದನ್ನು ನಾವು ತರಗತಿಗಳಲ್ಲಿ ಎಷ್ಟೋ ಸಲ ಕಂಡಿದ್ದೇವೆ. ಉಪಮೆಯು ಎಲ್ಲ ಅಂಶಗಳಲ್ಲಿಯೂ ಹೊಂದುವುದಿಲ್ಲವೆಂಬುದನ್ನೂ ಹೇಳಬೇಕು: ಇತ್ತುಗಳು ಕೆಲಸವನ್ನು ಸೂಚಿಸಿ ಮರೆಯಾಗುತ್ತವೆ, ಈ ಆರ್‌ಎನ್‌ಎಗಳಾದರೋ ಕೋಶದಲ್ಲಿ ನಿಂತು ತಾವೇ ಕೆಲಸ ಮಾಡುತ್ತವೆ.

ಈಗ ಯಕೃತ್ತಿಗೆ ಮರಳೋಣ. ಯಕೃತ್ತಿನ ಕೋಶಗಳಲ್ಲಿರುವ ಮೈಕ್ರೋ ಆರ್‌ಎನ್‌ಎಗಳಲ್ಲೆಲ್ಲ ಸುಮಾರು ಶೇಕಡ ೭೦ ಪಾಲು ಒಂದೇ ಜಾತಿಯದು. ಅದಕ್ಕೆ ೧೨೨ ಎಂದು ಸಂಖ್ಯೆಯಿಟ್ಟಿದ್ದಾರೆ. ಬೇರೆ ಅಂಗಗಳಲ್ಲಿ ಅದು ಬಹುಮಟ್ಟಿಗೆ ಇಲ್ಲವೆಂದೇ ಹೇಳಬಹುದು. ಈ ೧೨೨ ಮಾಡುವ ಉಪಕಾರವೇನೆಂಬುದು ೨೦೧೨ರಲ್ಲಿ ಸ್ಪಷ್ಟವಾಯಿತು. ಇದು ಇಲ್ಲದಂತೆ ಮಾಡಿದ ಇಲಿಗಳ ಯಕೃತ್ತಿನಲ್ಲಿ ಮೊದಲು ಕೊಬ್ಬು ತುಂಬಿತು, ಅನಂತರ ಉರಿಯೂತವಾಯಿತು, ಮುಂದೆ ನಾರುಗಟ್ಟಿತು, ಕೊನೆಗೆ ಅರ್ಬುದವು ಕಾಣಿಸಿಕೊಂಡಿತು. ಮನುಷ್ಯರ ಯಕೃತ್ತು ಹತ್ತಾರು ವರ್ಷಗಳಲ್ಲಿ ಮೆಲ್ಲಮೆಲ್ಲನೆ ಇಳಿಯುವ ಮೆಟ್ಟಿಲುಗಳೂ ಇವೇ. ಒಂದು ಪ್ರೋಟೀನನ್ನೂ ಕಟ್ಟದ ೨೨ ಅಕ್ಷರಗಳ ತುಣುಕು ಹೀಗೆ ಒಂದಿಡೀ ಅಂಗದ ಆರೋಗ್ಯವನ್ನು ಹಿಡಿದುಕೊಂಡಿರುವುದು ಆಶ್ಚರ್ಯವಲ್ಲವೇ?

ಆದರೆ ಈ ಉಪಕಾರಿಯೇ ಶತ್ರುವಿಗೂ ಆಶ್ರಯ ಕೊಡುತ್ತದೆ. ೧೯೮೯ರಲ್ಲಿ ಪತ್ತೆಯಾದ ಹೆಪಟೈಟಿಸ್ ಸಿ ವೈರಾಣುವು ತಾನೇ ಒಂದು ಆರ್‌ಎನ್‌ಎ ಎಳೆ. ಅದು ಯಕೃತ್ತಿನ ೧೨೨ನ್ನು ತನ್ನ ತಲೆಗೆ ಅಂಟಿಸಿಕೊಂಡು, ಅದನ್ನೇ ಕವಚವನ್ನಾಗಿ ಮಾಡಿಕೊಂಡು ವೃದ್ಧಿಯಾಗುತ್ತದೆಂದು ೨೦೦೫ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ಆರಂಭಿಸಿದ ಶೋಧಗಳು ತೋರಿಸಿಕೊಟ್ಟುವು. ಆತಿಥೇಯನ ಮನೆಯ ಕಾವಲುಗಾರನನ್ನೇ ಕಳ್ಳನು ಜೊತೆಗೆ ಸೇರಿಸಿಕೊಂಡಂತಾಯಿತು. ನಮ್ಮ ನಾಡಿನಲ್ಲಿಯೂ ಈ ವೈರಾಣುವಿನ ಆರ್‌ಎನ್‌ಎಯು ಕೋಶವನ್ನು ಹೇಗೆ ವಶಮಾಡಿಕೊಳ್ಳುತ್ತದೆಂಬ ಪ್ರಶ್ನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೌಮಿತ್ರ ದಾಸ್ ಎಂಬ ವಿಜ್ಞಾನಿಗಳೂ ಅವರ ಶಿಷ್ಯರೂ ಅನೇಕ ವರ್ಷಗಳ ಕಾಲ ಅಭ್ಯಸಿಸಿದ್ದಾರೆ. ೧೨೨ನ್ನು ಕಟ್ಟಿಹಾಕುವ ಮಿರಾವಿರ್ಸೆನ್ ಎಂಬ ಔಷಧವನ್ನು ೩೬ ಮಂದಿ ರೋಗಿಗಳಲ್ಲಿ ಪರೀಕ್ಷಿಸಿ, ವೈರಾಣುವಿನ ಪ್ರಮಾಣವು ಇಳಿಯಿತೆಂದು ೨೦೧೩ರಲ್ಲಿ ಪ್ರಕಟಿಸಿದರು. ಅದೇ ಬಗೆಯ ಮತ್ತೊಂದು ಔಷಧದ ಪರೀಕ್ಷೆಯಲ್ಲಿ ರೋಗಿಗಳಿಗೆ ಕಾಮಾಲೆಯೇ ಕಾಣಿಸಿಕೊಂಡುದರಿಂದ ೨೦೧೬ರಲ್ಲಿ ಅದಕ್ಕೆ ತಡೆ ಬಿದ್ದಿತು. ಇಷ್ಟರೊಳಗೆ ವೈರಾಣುವನ್ನೇ ನೇರವಾಗಿ ಹೊಡೆಯುವ ಮಾತ್ರೆಗಳು ಬಂದುವು. ಅವುಗಳಿಂದ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವಾರಗಳಲ್ಲಿ ನೂರಕ್ಕೆ ೯೫ಕ್ಕೂ ಹೆಚ್ಚು ಮಂದಿಗೆ ರೋಗವು ಪೂರ್ತಿ ಗುಣವಾಗುತ್ತದೆ. ಹೊಸದೆಲ್ಲವೂ ಗೆಲ್ಲುವುದಿಲ್ಲ, ಸರಳವಾದ ಉಪಾಯವು ಸಿಕ್ಕಿದರೆ ವೈದ್ಯರು ಅದನ್ನೇ ಹಿಡಿಯುತ್ತಾರೆ.

ವೈರಾಣುವಿಲ್ಲದೆಯೂ ಯಕೃತ್ತು ಕೆಡುವುದುಂಟು. ಇಂದು ನಮ್ಮ ಮನೆಗಳಲ್ಲಿ ಹೆಚ್ಚುತ್ತಿರುವುದು ಕೊಬ್ಬು ತುಂಬಿದ ಯಕೃತ್ತು. ನಮ್ಮ ದೇಶದ ಜನಸಾಮಾನ್ಯರಲ್ಲಿ ನೂರಕ್ಕೆ ೯ರಿಂದ ೩೨ ಮಂದಿಗೆ ಇದು ಇರುವುದಾಗಿ ೨೦೨೧ರಲ್ಲಿ ಕೇಂದ್ರ ಸರಕಾರದ ಆರೋಗ್ಯ ಇಲಾಖೆಯು ತಿಳಿಸಿ, ಇದನ್ನು ಸಕ್ಕರೆ ಕಾಯಿಲೆ ಮೊದಲಾದುವುಗಳ ರಾಷ್ಟ್ರೀಯ ಯೋಜನೆಯಲ್ಲಿ ಸೇರಿಸಿತು. ಮದ್ಯವನ್ನು ಮುಟ್ಟದವರಿಗೂ ಬರುವುದೇ ಇದರ ವಿಶೇಷ. ನಮಗೆ ಪರಿಚಿತರಾದ ಗೃಹಸ್ಥರೊಬ್ಬರು ಆಚಾರಶೀಲರು. ಏಕಾದಶಿಯ ಉಪವಾಸವನ್ನು ತಪ್ಪಿಸಿದವರಲ್ಲ. ಮೊದಲು ನಡೆದೇ ಸುತ್ತುತ್ತಿದ್ದ ತೋಟವನ್ನು ಜೀಪಿನಲ್ಲಿ ಸುತ್ತತೊಡಗಿದ ಮೇಲೆ ಅವರ ಸೊಂಟದ ಸುತ್ತಳತೆ ಬೆಳೆಯಿತು. ಸಕ್ಕರೆ ಕಾಯಿಲೆಯೂ ಬಂದಿತು. ಬೇರಾವುದೋ ಕಾರಣಕ್ಕಾಗಿ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಯಕೃತ್ತಿನಲ್ಲಿ ಕೊಬ್ಬು ತುಂಬಿರುವುದು ಹೊರಬಿದ್ದಿತು. ಕುಡಿಯದವನಿಗೆ ಯಕೃತ್ತಿನ ರೋಗವೆಂದರೆ ಊರವರು ಏನೆಂದುಕೊಂಡಾರೆಂದು ಅವರು ಬಹುದಿನ ಮನೆಯಲ್ಲಿಯೂ ಹೇಳಲಿಲ್ಲ. ಈ ನಾಚಿಕೆಯು ಅನಾವಶ್ಯಕವಾದುದು, ಅಪಾಯಕರವಾದುದೂ ಹೌದು.

ಇಂಥ ಯಕೃತ್ತಿನ ಒಳಗೆ ಆರ್‌ಎನ್‌ಎಗಳ ಲೆಕ್ಕವು ಏರುಪೇರಾಗುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಕೊಬ್ಬಿನ ಜೊತೆಗೆ ಉರಿಯೂತವೂ ಸೇರಿದ ಯಕೃತ್ತಿನಲ್ಲಿ ೧೨೨ರ ಪ್ರಮಾಣವು ತಗ್ಗುತ್ತದೆ. ಗಾಯಗೊಂಡ ಕೋಶಗಳಿಂದ ಸೋರಿದ ೧೨೨ ರಕ್ತದಲ್ಲಿ ಹೆಚ್ಚುತ್ತದೆ. ಯಕೃತ್ತಿನಲ್ಲಿ ನಕ್ಷತ್ರದಾಕಾರದ ಒಂದು ಬಗೆಯ ಕೋಶಗಳುಂಟು. ಸುಖಕಾಲದಲ್ಲಿ ಅವು ಎ ಜೀವಸತ್ತ್ವವನ್ನು ಕೂಡಿಟ್ಟುಕೊಂಡು ಸುಮ್ಮನಿರುತ್ತವೆ, ಪೆಟ್ಟು ಬಿದ್ದಾಗ ಎದ್ದು ನಾರನ್ನು ನೇಯತೊಡಗುತ್ತವೆ. ಈ ನೇಯ್ಗೆಗೆ ೨೯ ಎಂಬ ಮೈಕ್ರೋ ಆರ್‌ಎನ್‌ಎಯು ಕಡಿವಾಣ ಹಾಕಿರುತ್ತದೆ. ನಾರುಗಟ್ಟಿದ ಯಕೃತ್ತಿನಲ್ಲಿ ಆ ೨೯ ಕುಗ್ಗಿಹೋಗಿರುವುದು ೨೦೧೧ರಲ್ಲಿ ಗೊತ್ತಾಯಿತು. ಇನ್ನು ಕೆಲವು ಆರ್‌ಎನ್‌ಎಗಳು ಕಿರಿಯವಲ್ಲ, ೨೦೦ ಅಕ್ಷರಗಳಿಗೂ ಉದ್ದವಾದುವು. ಅವುಗಳಲ್ಲಿ ಹಲ್ಕ್ ಎಂಬುದೊಂದು ಯಕೃತ್ತಿನ ಅರ್ಬುದದಲ್ಲಿ ವಿಪರೀತವಾಗಿ ಹೆಚ್ಚುವುದನ್ನೂ, ರೋಗಿಯ ರಕ್ತದಲ್ಲಿಯೂ ಸಿಕ್ಕುವುದನ್ನೂ ೨೦೦೭ರಲ್ಲಿ ವರದಿ ಮಾಡಿದರು. ಸೂಜಿಯಿಂದ ಯಕೃತ್ತಿನ ತುಣುಕನ್ನು ತೆಗೆಯದೆ, ಒಂದು ತೊಟ್ಟು ರಕ್ತದಿಂದಲೇ ಒಳಗಿನ ಅವಸ್ಥೆಯನ್ನು ಬಹು ಮೊದಲೇ ತಿಳಿಯುವ ಆಸೆಯು ಈ ಶೋಧಗಳಿಂದ ಹುಟ್ಟಿದೆ. ಆದರೆ ಒಂದು ಪ್ರಯೋಗಾಲಯದ ಅಳತೆಗೂ ಮತ್ತೊಂದರ ಅಳತೆಗೂ ಇನ್ನೂ ಸರಿಯಾದ ಹೊಂದಿಕೆಯಿಲ್ಲ. ಆದುದರಿಂದ ಊರಿನ ವೈದ್ಯರು ಈ ಪರೀಕ್ಷೆಯನ್ನು ಬರೆದುಕೊಡುವ ಕಾಲವು ಇನ್ನೂ ಬಂದಿಲ್ಲವೆಂಬುದನ್ನು ವಾಚಕರು ನೆನಪಿಡಬೇಕು.

ರೋಗವನ್ನು ತಿಳಿಯುವುದರಲ್ಲಿ ಹೀಗಿರಲು, ಔಷಧದಲ್ಲಿ ಈ ವಿದ್ಯೆಯು ಒಂದು ಹೆಜ್ಜೆ ಮುಂದಿದೆ. ಆ ಹೆಜ್ಜೆಯ ಒಂದು ಗುರುತು ಕಾಫಿಯ ಗಿಡದಲ್ಲಿಯೇ ಇದೆಯೆಂದರೆ ನಮ್ಮ ಸೀಮೆಯವರಿಗೆ ಕುತೂಹಲವಾಗದಿರದು. ಕೋಶದೊಳಗಿನ ಒಂದು ಚೀಟಿಯನ್ನು ಹೊರಗಿನಿಂದ ಕೊಟ್ಟ ಜೋಡಿ ಎಳೆಯ ಆರ್‌ಎನ್‌ಎಯಿಂದ ಅಳಿಸಬಹುದೆಂದು ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲೊ ಎಂಬವರು ೧೯೯೮ರಲ್ಲಿ ತೋರಿಸಿ, ೨೦೦೬ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ೨೦೦೩ರಲ್ಲಿ ಜಪಾನಿನ ನಾರಾ ಪ್ರಾಂತದ ವಿಜ್ಞಾನಿಗಳು ಅದೇ ಉಪಾಯದಿಂದ ರೊಬಸ್ಟಾ ಗಿಡದಲ್ಲಿ ಕೆಫೀನನ್ನು ತಯಾರಿಸುವ ಚೀಟಿಯನ್ನು ಅಡಗಿಸಿ, ಎಲೆಗಳಲ್ಲಿ ಕೆಫೀನು ಶೇಕಡ ೭೦ರವರೆಗೂ ಇಳಿದ ಸಸಿಗಳನ್ನು ಬೆಳೆಸಿದರು. ಗಿಡದಲ್ಲಿ ನಡೆದುದು ಮನುಷ್ಯನ ಯಕೃತ್ತಿನಲ್ಲಿಯೂ ನಡೆಯಿತು. ಯಕೃತ್ತಿನ ಕೋಶಗಳ ಹೊರಮೈಯಲ್ಲಿ ಒಂದು ಬಗೆಯ ಸಕ್ಕರೆಯನ್ನು ಗುರುತು ಹಿಡಿದು ಒಳಗೆ ಬರಮಾಡಿಕೊಳ್ಳುವ ಬಾಗಿಲುಗಳಿವೆ. ಆರ್‌ಎನ್‌ಎಗೆ ಆ ಸಕ್ಕರೆಯನ್ನು ಕಟ್ಟಿ ಚರ್ಮದ ಕೆಳಗೆ ಚುಚ್ಚಿದರೆ ಅದು ನೇರವಾಗಿ ಯಕೃತ್ತಿಗೆ ಹೋಗಿ ಸೇರುತ್ತದೆ. ಯಕೃತ್ತಿನಲ್ಲಿ ಹುಟ್ಟುವ ಪಾರ್ಫಿರಿಯವೆಂಬ ಅಪರೂಪದ ವ್ಯಾಧಿಗೆ ೨೦೧೯ರಲ್ಲಿಯೂ, ರಕ್ತದ ಕೊಲೆಸ್ಟರಾಲಿಗೆ ೨೦೨೦ರಲ್ಲಿಯೂ ಇಂಥ ಔಷಧಗಳು ಪರದೇಶಗಳಲ್ಲಿ ಮಂಜೂರಾದುವು. ಕೊಲೆಸ್ಟರಾಲಿನ ಔಷಧವನ್ನು ಮೊದಲ ಎರಡು ಚುಚ್ಚುಮದ್ದುಗಳಾದ ಮೇಲೆ ಆರು ತಿಂಗಳಿಗೊಮ್ಮೆ ಕೊಟ್ಟರೆ ಸಾಕು. ಪರಂತು ಸಾಮಾನ್ಯವಾದ ಕೊಬ್ಬಿನ ಯಕೃತ್ತಿಗೆ ಆರ್‌ಎನ್‌ಎ ಚುಚ್ಚುಮದ್ದು ಪೇಟೆಯಲ್ಲಿ ಸಿಕ್ಕುವುದೆಂದು ಯಾರಾದರೂ ಹೇಳಿದರೆ ನಂಬತಕ್ಕದ್ದಲ್ಲ.

ಕಾಫಿಯ ಮಾತು ಬಂದುದರಿಂದ ಓದುಗರು ಮತ್ತೊಂದು ಪ್ರಶ್ನೆಯನ್ನು ಕೇಳದೆ ಬಿಡಲಾರರು. ಬಾಬಾಬುಡನ್ ಅವರು ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಐತಿಹ್ಯ. ಬಾಳೆಹೊನ್ನೂರಿನಲ್ಲಿ ೧೯೨೫ರಿಂದ ಕಾಫಿಯ ಸಂಶೋಧನೆ ನಡೆದುಬಂದಿದೆ. ಇಷ್ಟು ಕಾಲ ಬೆಳೆದು ಮಾರಿ ಕುಡಿದ ಈ ಪಾನವು ಯಕೃತ್ತಿಗೆ ಹಿತವೋ ಅಹಿತವೋ? ಇಂಗ್ಲೆಂಡ್ ಮೊದಲಾದ ಬ್ರಿಟನ್ನಿನ ನಾಡುಗಳಲ್ಲಿ ೪,೯೪,೫೮೫ ಮಂದಿಯನ್ನು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಗಮನಿಸಿ ೨೦೨೧ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಕಾಫಿ ಕುಡಿಯುವವರಲ್ಲಿ ಯಕೃತ್ತಿನ ದೀರ್ಘವ್ಯಾಧಿಯು ಕುಡಿಯದವರಿಗಿಂತ ಶೇಕಡ ೨೧ರಷ್ಟು ಕಡಮೆ. ಅದರಿಂದಾದ ಮರಣವು ಶೇಕಡ ೪೯ರಷ್ಟು ಕಡಮೆ. ಬೆಳೆಗಾರರಿಗೆ ಇದು ಸಂತೋಷದ ವಾರ್ತೆ. ಆದರೆ ಕುಡಿದವರಲ್ಲಿ ರೋಗ ಕಡಮೆಯೆಂಬುದು ಒಂದು, ಕುಡಿದುದರಿಂದಲೇ ಕಡಮೆಯಾಯಿತೆಂಬುದು ಮತ್ತೊಂದು. ಮೇಲೆ ಹೇಳಿದ ಕಾಗೆಯನ್ನೂ ತಾಳೆಯ ಹಣ್ಣನ್ನೂ ನಮಗೆ ಪ್ರಿಯವಾದ ವಾರ್ತೆಯಲ್ಲಿಯೂ ಮರೆಯಕೂಡದು. ಕಾಫಿಗೆ ಮೂರು ಚಮಚ ಸಕ್ಕರೆ ಹಾಕಿ ದಿನಕ್ಕೆ ಐದು ಲೋಟ ಕುಡಿದರೆ ಸಕ್ಕರೆಯ ಕೆಡುಕು ಇದ್ದೇ ಇರುತ್ತದೆ. ರಾತ್ರಿಯ ಮದ್ಯವನ್ನು ಬೆಳಗಿನ ಕಾಫಿಯು ತೊಳೆಯುವುದೂ ಇಲ್ಲ.

ಮದ್ಯದ ಮಾತನ್ನು ನಮ್ಮ ಸೀಮೆಯಲ್ಲಿ ಮುಚ್ಚಿ ಹೇಳುವುದರಿಂದ ಪ್ರಯೋಜನವಿಲ್ಲ. ಬಟವಾಡೆಯ ದಿನ ಆಳುಗಳು ಕುಡಿಯುವುದನ್ನು ನಿಂದಿಸುವವರು, ಕ್ಲಬ್ಬಿನಲ್ಲಿ ಗಾಜಿನ ಲೋಟದಲ್ಲಿ ಕುಡಿಯುವುದನ್ನು ಮರ್ಯಾದೆಯೆಂದು ಭಾವಿಸುತ್ತಾರೆ. ಯಕೃತ್ತು ಸೀಸೆಯ ಬೆಲೆಯನ್ನು ನೋಡುವುದಿಲ್ಲ. ಎರಡು ಕಡೆಯೂ ಹೆಂಡತಿ ಮಕ್ಕಳು ಕೊನೆಗೆ ಹಿಡಿಯುವ ದಾರಿ ದೂರದ ಆಸ್ಪತ್ರೆಯ ದಾರಿಯೇ. ಕಳಸದಿಂದ ಹೊರಟರೆ ಆ ಘಾಟಿಯ ದಾರಿ ಎಷ್ಟು ದೀರ್ಘವೆಂಬುದು ರಾತ್ರಿಯಲ್ಲಿ ರೋಗಿಯನ್ನು ಕರೆದೊಯ್ದವರಿಗೆ ಗೊತ್ತು. ರಕ್ತವಾಂತಿಯಾದ ಮೇಲೆ ಹಿಡಿಯುವ ದಾರಿಯನ್ನು ಹತ್ತು ವರ್ಷ ಮೊದಲೇ, ನೆಮ್ಮದಿಯಾಗಿ, ಹಗಲು ಹೊತ್ತಿನಲ್ಲಿ ಹಿಡಿದರೆ ಎಷ್ಟೋ ಮನೆಗಳು ಉಳಿಯುತ್ತವೆ.

ಹಾಗಾದರೆ ಗೃಹಸ್ಥರು ಇಂದು ಮಾಡತಕ್ಕದ್ದೇನು? ಆರ್‌ಎನ್‌ಎಯ ಪರೀಕ್ಷೆಗಾಗಿ ಕಾಯಬೇಕಾಗಿಲ್ಲ. ಯಕೃತ್ತಿನ ಸಾಧಾರಣ ರಕ್ತಪರೀಕ್ಷೆಯೂ, ಹೊಟ್ಟೆಯ ಸ್ಕ್ಯಾನಿಂಗೂ ತಾಲ್ಲೂಕಿನ ಅಥವಾ ಜಿಲ್ಲೆಯ ಕೇಂದ್ರಗಳಲ್ಲಿ ದೊರೆಯುತ್ತವೆ. ಸಕ್ಕರೆ ಕಾಯಿಲೆಯುಳ್ಳವರು, ಸೊಂಟದ ಸುತ್ತಳತೆ ಬೆಳೆದವರು, ಮದ್ಯಸೇವನೆಯ ಅಭ್ಯಾಸವುಳ್ಳವರು, ಹಿಂದೆ ರಕ್ತವನ್ನು ಪಡೆದವರು ವೈದ್ಯರನ್ನು ಒಮ್ಮೆ ಕೇಳಿ ಇವನ್ನು ಮಾಡಿಸಿಕೊಳ್ಳುವುದು ಲೇಸು. ಹೆಪಟೈಟಿಸ್ ಬಿ ಮತ್ತು ಸಿ ರೋಗಗಳ ಪರೀಕ್ಷೆಗೂ ಚಿಕಿತ್ಸೆಗೂ ೨೦೧೮ರ ಜುಲೈ ೨೮ರಂದು ರಾಷ್ಟ್ರೀಯ ಯೋಜನೆಯು ಆರಂಭವಾಯಿತು. ಅದರಲ್ಲಿ ಬಡವ ಬಲ್ಲಿದರೆನ್ನದೆ ಉಚಿತವಾದ ಏರ್ಪಾಡುಂಟು. ಮನೆಯಲ್ಲಿ ಮಗು ಹುಟ್ಟಿದರೆ ೨೪ ಗಂಟೆಗಳೊಳಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಹಾಕಿಸುವುದನ್ನು ಮರೆಯಬಾರದು; ಯಕೃತ್ತಿನ ಅರ್ಬುದಕ್ಕೆ ಒಂದು ಮುಖ್ಯ ಕಾರಣವನ್ನು ಆ ಒಂದು ಚುಚ್ಚುಮದ್ದಿನಿಂದಲೇ ತಡೆಯಲು ತೊಡಗಿದಂತಾಗುತ್ತದೆ. ಕೊಬ್ಬು ತುಂಬಿದೆಯೆಂದು ತಿಳಿದವರು ಹೆದರಬೇಕಾಗಿಲ್ಲ: ಸ್ಥೂಲದೇಹಿಗಳು ತೂಕದಲ್ಲಿ ನೂರಕ್ಕೆ ಐದರಷ್ಟನ್ನು ಇಳಿಸಿದರೆ ಕೊಬ್ಬು ಕರಗತೊಡಗುತ್ತದೆ, ಏಳರಿಂದ ಹತ್ತರಷ್ಟನ್ನು ಇಳಿಸಿದರೆ ಉರಿಯೂತವೂ ಅನೇಕರಲ್ಲಿ ಇಳಿಯುತ್ತದೆ. ಇದಕ್ಕೆ ಬೇಕಾದುದು ತೋಟವನ್ನು ಮತ್ತೆ ಕಾಲಿನಿಂದ ಸುತ್ತುವುದು, ತಟ್ಟೆಯ ಅನ್ನವನ್ನೂ ಲೋಟದ ಸಕ್ಕರೆಯನ್ನೂ ತಗ್ಗಿಸುವುದು.

ಕೊನೆಯದಾಗಿ ಗೃಹಿಣಿಯರಲ್ಲಿ ಒಂದು ಮಾತು. ಮನೆಯ ಮದ್ದಿನ ಪೆಟ್ಟಿಗೆಯು ನಿಮ್ಮ ಕೈಯಲ್ಲಿದೆ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲನ್ನು ಹೇಳಿದ ಪ್ರಮಾಣಕ್ಕಿಂತ ಹೆಚ್ಚಾಗಿ ಕೊಟ್ಟರೆ ಅದು ಯಕೃತ್ತನ್ನು ಕೆಡಿಸುತ್ತದೆ. ಹಾಗೆಯೇ ಸೊಪ್ಪು ಬೇರುಗಳೆಲ್ಲ ನಿರಪಾಯವೆಂಬ ನಂಬಿಕೆಯೂ ಸರಿಯಲ್ಲ. ಅಮೃತಬಳ್ಳಿಯನ್ನು ದಿನವೂ ಬಹುಕಾಲ ಸೇವಿಸಿದ ಕೆಲವರ ಯಕೃತ್ತಿಗೆ ಪೆಟ್ಟಾದುದನ್ನು ಮುಂಬಯಿಯ ವೈದ್ಯರು ೨೦೨೧ರಲ್ಲಿ ಪ್ರಕಟಿಸಿದರು; ಆಯುಷ್ ಇಲಾಖೆಯು ಅದನ್ನು ಒಪ್ಪದೆ ವಾದಿಸಿತು. ವಾದವು ಹೇಗೇ ಇರಲಿ, ಮನೆಯವರು ಏನೇನು ಕಷಾಯ ಚೂರ್ಣಗಳನ್ನು ತೆಗೆದುಕೊಳ್ಳುತ್ತಿರುವರೆಂಬುದನ್ನು ವೈದ್ಯರಿಂದ ಮುಚ್ಚಿಡಕೂಡದು. ನಮ್ಮ ಶಾಸ್ತ್ರಗಳಲ್ಲಿ ನಮಗೆ ಗೌರವವುಂಟು. ಆ ಶಾಸ್ತ್ರಗಳೇ ಮಾತ್ರೆಯನ್ನೂ ಕಾಲವನ್ನೂ ಪ್ರಕೃತಿಯನ್ನೂ ನೋಡಿ ಔಷಧ ಕೊಡತಕ್ಕದ್ದೆಂದು ವಿಧಿಸಿವೆ.

ಯಕೃತ್ತಿನ ಕೋಶದೊಳಗಣ ಚಿಕ್ಕ ಅಕ್ಷರಗಳನ್ನು ಓದಿ ರೋಗವನ್ನು ಆರಂಭದಲ್ಲಿಯೇ ಹಿಡಿಯುವ ದಿನವು ನಮ್ಮ ಮಕ್ಕಳ ಕಾಲದಲ್ಲಿಯಾದರೂ ಬರಬಹುದು; ಅದಕ್ಕಾಗಿ ದುಡಿಯುವವರಲ್ಲಿ ನಮ್ಮ ನಾಡಿನವರೂ ಇದ್ದಾರೆಂಬುದು ಸಂತೋಷದ ಸಂಗತಿ. ಅಲ್ಲಿಯವರೆಗೆ, ಕೇಳಿಸದುದು ಇಲ್ಲವೆಂದು ಭಾವಿಸಬಾರದೆಂಬ ಪಾಠವನ್ನಾದರೂ ಆ ಅಕ್ಷರಗಳಿಂದ ನಾವು ಕಲಿಯೋಣ. ಕಾಫಿಯ ಕೊಯ್ಲು ಮುಗಿದು ಹೂಮಳೆಗಾಗಿ ಕಾಯುವ ದಿನಗಳಲ್ಲಿ ಬೆಳೆಗಾರರಿಗೂ ಆಳುಗಳಿಗೂ ಕೊಂಚ ಬಿಡುವು ಸಿಕ್ಕುತ್ತದೆ. ಈ ವರ್ಷ ಆ ಬಿಡುವಿನಲ್ಲಿ ಮನೆಯ ಹಿರಿಯರನ್ನು ಒಂದು ಬೆಳಗ್ಗೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ ಯಕೃತ್ತಿನ ಪರೀಕ್ಷೆಯನ್ನು ಮಾಡಿಸಬೇಕೆಂದು ವಾಚಕರಲ್ಲಿ ನಮ್ಮ ವಿನಂತಿ.